ಚಾಕಣದ ಫಿರಂಗೋಜಿ: ಒಂದು ಹೆಸರಿನ ವಿಚಾರ

ಪುಣೆಯಿಂದ ನಾಸಿಕಕ್ಕೆ ಹೋಗುವ ಹಾದಿಯಲ್ಲಿರುವ ಚಾಕಣದ ಕೋಟೆಯು ಇಂದು ಬಹುಮಟ್ಟಿಗೆ ಪಾಳುಬಿದ್ದಿದೆ. 1660ರಲ್ಲಿ ಶಾಯಿಸ್ತೇಖಾನನ ದೊಡ್ಡ ಸೈನ್ಯವನ್ನು ಸುಮಾರು ಎರಡು ತಿಂಗಳ ಕಾಲ ಇಲ್ಲಿ ತಡೆದು ನಿಲ್ಲಿಸಿದವನು ಶಿವಾಜಿಯ ಕಿಲ್ಲೇದಾರನಾದ ಫಿರಂಗೋಜಿ ನರಸಾಳ. ಸುರಂಗದಲ್ಲಿಟ್ಟ ಮದ್ದಿನಿಂದ ಬುರುಜು ಸಿಡಿದ ಮೇಲೆಯೇ ಕೋಟೆ ಮೊಗಲರ ವಶವಾಯಿತು. ಈತನ ಹೆಸರನ್ನು ಕೇಳಿದೊಡನೆ, ಫ್ರೆಂಚರೊಡನೆ ಈತನಿಗೆ ಏನೋ ಸಂಬಂಧವಿದ್ದಿರಬೇಕೆಂದು ಊಹಿಸುವವರುಂಟು. ಈ ಊಹೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಬ್ದದ ಮೂಲದ ಮಟ್ಟಿಗೆ ಸಂಬಂಧವುಂಟೆಂಬುದನ್ನು ಒಪ್ಪಬೇಕು. ಫ್ರಾಂಕ್ ಎಂಬ ಜನಾಂಗದಿಂದಲೇ ಫ್ರಾನ್ಸ್ ದೇಶಕ್ಕೆ ಆ ಹೆಸರು ಬಂದಿತು. ಕ್ರೂಸೇಡ್ ಯುದ್ಧಗಳ ಕಾಲದಲ್ಲಿ ಅರಬರು ಪಶ್ಚಿಮ ಯುರೋಪಿನವರೆಲ್ಲರನ್ನೂ ಇಫ್ರಂಜ್ ಎನ್ನುತ್ತಿದ್ದರು. ಪಾರಸಿಯಲ್ಲಿ ಅದು ಫರಂಗಿ ಎಂದಾಯಿತು. 1498ರಲ್ಲಿ ಪೋರ್ತುಗೀಜರು ನಮ್ಮ ಪಶ್ಚಿಮ ಕರಾವಳಿಗೆ ಬಂದಾಗ, ಮೊದಲೇ ಸಿದ್ಧವಾಗಿದ್ದ ಈ ಹೆಸರು ಅವರಿಗೆ ಅಂಟಿಕೊಂಡಿತು.

ಅಲ್ಲಿಂದ ಮುಂದೆ ಈ ಶಬ್ದವು ಹಿಡಿದ ದಾರಿಗಳು ಹಲವು. ತೋಪಿಗೆ ಕನ್ನಡದಲ್ಲಿ ಫಿರಂಗಿಯೆಂದು ಹೆಸರಾಯಿತು. ನೇರವಾದ ಅಲಗಿನ ವಿದೇಶೀ ಕತ್ತಿಯನ್ನು ಮರಾಠರು ಫಿರಂಗವೆಂದರು. ಅಮೆರಿಕ ಖಂಡದಿಂದ ಬಂದ ಹಣ್ಣು ಪರಂಗಿಯಾಯಿತು. 16ನೆಯ ಶತಮಾನದ ಭಾವಪ್ರಕಾಶವೆಂಬ ವೈದ್ಯಗ್ರಂಥವು ಹೊಸದೊಂದು ರೋಗವನ್ನು ಫಿರಂಗರೋಗವೆಂದು ಹೆಸರಿಸಿತು. ಮಂಗಳೂರಿಗೆ ಸಮೀಪದಲ್ಲಿ ನೇತ್ರಾವತಿಯ ದಡದ ಊರೊಂದು ಫರಂಗಿಪೇಟೆಯೆನಿಸಿತು. ಇವೆಲ್ಲದರ ಹಿಂದೆ ಇರುವವರು ಮುಖ್ಯವಾಗಿ ಪೋರ್ತುಗೀಜರೇ ಹೊರತು ಫ್ರೆಂಚರಲ್ಲ.

ಫಿರಂಗೋಜಿಯ ವಿಷಯದಲ್ಲಿ ಕಾಲಗಣನೆಯೇ ಬಲವಾದ ಸಾಕ್ಷಿಯಾಗಿದೆ. ಫ್ರೆಂಚರ ಈಸ್ಟ್ ಇಂಡಿಯಾ ಕಂಪನಿ ಸ್ಥಾಪಿತವಾದುದು 1664ರಲ್ಲಿ. ಸೂರತ್ತಿನಲ್ಲಿ ಅವರ ಕೋಠಿ ತೆರೆದುದು 1668ರಲ್ಲಿ. ಚಾಕಣದ ಮುತ್ತಿಗೆ ಅದಕ್ಕೆ ಮೊದಲೇ ಮುಗಿದಿತ್ತು. ಮಾಲೋಜಿ, ಕಾನ್ಹೋಜಿ ಎಂಬಂತೆ ಫಿರಂಗೋಜಿಯೂ ಅಚ್ಚ ಮರಾಠಿ ರೂಪದ ಹೆಸರೇ ಆಗಿದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಕನ್ನಡನಾಡಿನಲ್ಲಿಯೇ ದೊರೆಯುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ನಿಜವಾಗಿಯೂ ಬೀಡುಬಿಟ್ಟಿದ್ದ ಸ್ಥಳವನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಕರೆದರು. ನಾಡಜನರಿಗೆ ಅದು ಹಿರೋಡೆ. ಇಂದು ಅದು ಪಾಂಡವಪುರ. ಫ್ರೆಂಚರು ಇದ್ದ ಕಡೆ ಅವರ ಹೆಸರು ಅಳಿಯಿತು. ಇಲ್ಲದ ಕಡೆ ಉಳಿಯಿತು. ಆದಕಾರಣ ಶಬ್ದದ ವಂಶವನ್ನು ಮನುಷ್ಯನ ವಂಶವೆಂದು ಭಾವಿಸುವುದು ಯುಕ್ತವಲ್ಲ.

ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಮಗೆ ಒಂದು ನಿಯಮ ಅಭ್ಯಾಸವಾಗಿದೆ: ಹೆಸರು ಒಂದೇ ಆದ ಮಾತ್ರಕ್ಕೆ ಒಬ್ಬನ ಹಣವನ್ನು ಇನ್ನೊಬ್ಬನ ಖಾತೆಗೆ ಜಮೆ ಮಾಡುವಂತಿಲ್ಲ. ಇತಿಹಾಸಕಾರನಿಗೂ ಈ ನಿಯಮ ಸಲ್ಲುವುದು. ಚಾಕಣದಲ್ಲಿ ತೋರಿದ ಆ ಎರಡು ತಿಂಗಳ ಶೌರ್ಯವು ನರಸಾಳನ ಖಾತೆಗೇ ಸೇರತಕ್ಕದ್ದು.