ಚಿತ್ರಕಥೆಗಳ ಮರುಮುದ್ರಣವೂ ಕಲಾವಿದನ ಹೆಸರೂ

1

ಜನರ ಬಾಯಲ್ಲಿ ‘ಕಾಮಿಕ್ಸ್’ ಎನಿಸಿಕೊಂಡ ಹಳೆಯ ಚಿತ್ರಕಥಾ ಪುಸ್ತಕಗಳು ಇತ್ತೀಚಿನ ವರ್ಷಗಳಲ್ಲಿ ಸಂಗ್ರಹ ಸಂಪುಟಗಳಾಗಿ ಮತ್ತೆ ಮತ್ತೆ ಅಚ್ಚಾಗುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಒಂದು ಕಾಲಕ್ಕೆ ರೈಲು ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಬಿಡಿಯಾಗಿ ದೊರೆಯುತ್ತಿದ್ದ ಮೂವತ್ತೆರಡು ಪುಟಗಳ ತೆಳುಹೊತ್ತಗೆಗಳನ್ನು ಮೂರು, ಐದು, ಹತ್ತರಂತೆ ಒಟ್ಟುಗೂಡಿಸಿ, ಗಟ್ಟಿ ರಟ್ಟು ಹಾಕಿ ಮಾರುತ್ತಿದ್ದಾರೆ. ನಶಿಸಿಹೋಗುತ್ತಿದ್ದ ಸಾಹಿತ್ಯವೊಂದು ಹೀಗೆ ಮರುಜೀವ ಪಡೆಯುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಈ ಸಂಪುಟಗಳು ಯಾರ ಕೃತಿಗಳು, ಯಾವ ಕಾಲದವು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತವೆಯೆ? ಇತಿಹಾಸದ ಅಧ್ಯಾಪಕರಿಗೆ ಮಕ್ಕಳ ಚಿತ್ರಪುಸ್ತಕಗಳಲ್ಲಿ ಏನು ಕೆಲಸವೆಂದು ಕೇಳುವವರಿಗೆ ನಮ್ಮ ಅನುಭವಕ್ಕೆ ಬಂದ ಒಂದು ಪ್ರಸಂಗವೇ ಉತ್ತರವಾಗಬಹುದು.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು, ಮಕ್ಕಳ ಚಿತ್ರಕಥೆಗಳಲ್ಲಿ ರಾಜರ ವೇಷಭೂಷಣಗಳು ಹೇಗೆ ಚಿತ್ರಿತವಾಗಿವೆ ಎಂಬ ವಿಷಯದ ಮೇಲೆ ಪ್ರಬಂಧ ಬರೆದಳು. ಅವಳ ಆಧಾರ ಒಂದು ಸಂಗ್ರಹ ಸಂಪುಟ. ಅದರ ಮೇಲೆ ಸಂಕಲನಕಾರರೊಬ್ಬರ ಹೆಸರಿತ್ತು. ಒಳಗೆ ಮರುಮುದ್ರಣದ ವರ್ಷವಿತ್ತು. ಚಿತ್ರ ಬರೆದವರ ಹೆಸರು ಎಲ್ಲಿಯೂ ಇರಲಿಲ್ಲ. ಅವಳು ಚಿತ್ರಗಳನ್ನೆಲ್ಲ ಸಂಕಲನಕಾರರಿಗೆ ಸಲ್ಲಿಸಿ, ಆ ಕಿರೀಟ, ತೋಳಬಂದಿಗಳೆಲ್ಲ 1987ರಲ್ಲಿ ಆರಂಭವಾದ ದೂರದರ್ಶನದ ‘ರಾಮಾಯಣ’ ಧಾರಾವಾಹಿಯ ಪ್ರಭಾವದಿಂದ ಬಂದವೆಂದು ತೀರ್ಮಾನಿಸಿದಳು. ತರ್ಕ ಸರಿಯಾಗಿಯೇ ಇತ್ತು. ನಾವೂ ಪ್ರಬಂಧವನ್ನು ಒಪ್ಪಿದೆವು. ಮರುವರ್ಷ ಹಳೆಯ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಮನೆಯೊಂದರ ಪುಸ್ತಕದ ಗಂಟು ನಮ್ಮ ಕೈಸೇರಿತು. ಆಲಮಟ್ಟಿಯ ಹಿನ್ನೀರಿಗೆ ಊರು ಸರಿದಾಗ ರದ್ದಿಗೆ ಹೋಗದೆ ಉಳಿದ ಗಂಟು ಅದು. ಅದರೊಳಗೆ ಅದೇ ಕಥೆಗಳ ಪೈಕಿ ಎರಡರ ಬಿಡಿಪ್ರತಿಗಳಿದ್ದವು. ಅವು ಎಪ್ಪತ್ತರ ದಶಕದಲ್ಲಿ ಅಚ್ಚಾದವು. ಮೊದಲ ಪುಟದಲ್ಲಿ ಚಿತ್ರಕಾರರ ಹೆಸರು ಸ್ಪಷ್ಟವಾಗಿತ್ತು. ಎರಡು ಕಥೆಗಳಿಗೆ ಇಬ್ಬರು ಬೇರೆ ಬೇರೆ ಚಿತ್ರಕಾರರಿದ್ದರು. ಧಾರಾವಾಹಿಗಿಂತ ಹತ್ತು ವರ್ಷ ಮೊದಲೇ ಬರೆದ ಚಿತ್ರಗಳಿಗೆ ಧಾರಾವಾಹಿಯ ಪ್ರಭಾವ ಎಲ್ಲಿಂದ ಬರಬೇಕು? ಪ್ರಬಂಧದ ತೀರ್ಮಾನ ಬಿದ್ದುಹೋಯಿತು. ತಪ್ಪು ಹುಡುಗಿಯದಲ್ಲ, ಪುಸ್ತಕದ್ದು. ಅದನ್ನು ಪರೀಕ್ಷಿಸದೆ ಒಪ್ಪಿದ ನಮ್ಮದೂ ಹೌದು. ಆ ಸಂಪುಟದ ಪ್ರಕಾಶಕರನ್ನು ಇಲ್ಲಿ ಹೆಸರಿಸುವ ಉದ್ದೇಶ ನಮಗಿಲ್ಲ. ಮುಂದೆ ಚರ್ಚಿಸಲಿರುವ ಮಾಲಿಕೆಗೂ ಅದಕ್ಕೂ ಸಂಬಂಧವಿಲ್ಲ.

ಹೆಸರನ್ನು ಕೈಬಿಡುವುದರಿಂದ ಕಲಾವಿದನಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಅದರಿಂದ ಪುಸ್ತಕವೇ ಸುಳ್ಳು ದಾಖಲೆಯಾಗುತ್ತದೆ ಎಂಬುದನ್ನು ನಾವು ಆ ದಿನ ಕಲಿತೆವು.

2

ಕನ್ನಡಿಗರಿಗೆ ಅತ್ಯಂತ ನಿಕಟವಾದ ನಿದರ್ಶನ ‘ಅಮರ ಚಿತ್ರ ಕಥೆ’. ಈ ಮಾಲಿಕೆಯ ಹೆಸರಿನೊಡನೆ ನಾಡೆಲ್ಲ ನೆನೆಯುವುದು ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಅನಂತ ಪೈ ಅವರನ್ನು. ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಉತ್ತರಿಸಿದ ಮಕ್ಕಳು ಶ್ರೀರಾಮನ ತಾಯಿಯ ಹೆಸರು ಹೇಳಲಾರದೆ ಹೋದುದನ್ನು ಕಂಡು ಅವರು 1967ರಲ್ಲಿ ಈ ಕಾರ್ಯಕ್ಕೆ ತೊಡಗಿದರೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಅವರ ಸಂಪಾದಕತ್ವದಲ್ಲಿ ನಾನೂರಕ್ಕೂ ಹೆಚ್ಚು ಪುಸ್ತಕಗಳು ಹೊರಬಂದವು. ಅವರ ಹಿರಿಮೆಯನ್ನು ಕುಗ್ಗಿಸುವುದು ನಮ್ಮ ಉದ್ದೇಶವಲ್ಲ.

ಆದರೆ ಇಂಗ್ಲಿಷಿನಲ್ಲಿ ಈ ಮಾಲಿಕೆಯ ಮೊದಲ ಪುಸ್ತಕ ‘ಕೃಷ್ಣ’ದ ಕ್ರಮಸಂಖ್ಯೆ 1 ಅಲ್ಲ, 11. ಮೊದಲ ಹತ್ತು ಎಲ್ಲಿ ಹೋದವು? ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು ಪತ್ರಿಕೆಗೆ ನೀಡಿದ ಹೇಳಿಕೆಯಲ್ಲಿ ಇದಕ್ಕೆ ಉತ್ತರವಿದೆ. ಆ ಹತ್ತು ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಬಂದವು. ಸಿಂಡರೆಲ್ಲಾ, ಪಿನೋಕಿಯೋ ಮೊದಲಾದ ಹೊರನಾಡಿನ ಕಥೆಗಳ ಕನ್ನಡ ರೂಪಗಳು ಅವು. ಅವು ಚೆನ್ನಾಗಿ ಮಾರಾಟವಾದುದರಿಂದಲೇ ಮುಂಬಯಿಯ ಮುಖ್ಯ ಕಚೇರಿಗೆ ಇಂಗ್ಲಿಷ್ ಮಾಲಿಕೆಯಲ್ಲಿ ಆಸಕ್ತಿ ಹುಟ್ಟಿತು. ಈ ಎರಡು ವೃತ್ತಾಂತಗಳು ಒಂದಕ್ಕೊಂದು ವಿರುದ್ಧವಾಗಿರಲೇಬೇಕೆಂದೇನೂ ಇಲ್ಲ. ಹೆಸರೂ ಮಾರುಕಟ್ಟೆಯ ಧೈರ್ಯವೂ ಬೆಂಗಳೂರಿನಿಂದ, ಪುರಾಣ ಮತ್ತು ಇತಿಹಾಸಗಳ ಯೋಜನೆ ಪೈ ಅವರಿಂದ ಬಂದಿರಬಹುದು. ಹಾಗಿದ್ದರೂ ಒಂದನ್ನು ನಾಡೆಲ್ಲ ಬಲ್ಲುದು, ಇನ್ನೊಂದನ್ನು ಕೆಲವರು ಮಾತ್ರ ಬಲ್ಲರು.

ಇಲ್ಲಿ 11 ಎಂಬ ಅಂಕೆ ಒಂದು ಶಾಸನದಷ್ಟೇ ಬೆಲೆಯುಳ್ಳದ್ದು. ತನ್ನ ಹಿಂದೆ ಹತ್ತು ಇದ್ದವೆಂದು ಅದು ಸಾಕ್ಷಿ ನುಡಿಯುತ್ತದೆ. ಮುಂದಿನ ಮರುಮುದ್ರಣಗಳಲ್ಲಿ ಮಾಲಿಕೆಗೆ ಹೊಸ ಸಂಖ್ಯೆಗಳು ಬಂದು, ‘ಕೃಷ್ಣ’ 501 ಆಯಿತು. ವ್ಯಾಪಾರದ ಅನುಕೂಲಕ್ಕಾಗಿ ಮಾಡಿದ ಬದಲಾವಣೆಯಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಆದರೂ 501ನ್ನು ಕೈಯಲ್ಲಿ ಹಿಡಿದ ಹುಡುಗನಿಗೆ ಕನ್ನಡದ ಆ ಹತ್ತು ಪುಸ್ತಕಗಳ ಸುಳಿವು ಸಿಗುವ ದಾರಿಯೇ ಇಲ್ಲ. ಹೊಸ ಸಂಖ್ಯೆಯ ಕೆಳಗೆ ಹಳೆಯದನ್ನೂ ಅಚ್ಚು ಮಾಡಲು ಅರ್ಧ ಸಾಲು ಸಾಕಾಗಿತ್ತು.

ಚಿತ್ರಕಾರರ ವಿಷಯಕ್ಕೆ ಬರೋಣ. ‘ಕೃಷ್ಣ’ವನ್ನು ಚಿತ್ರಿಸಿದವರು ರಾಮ್ ವಾಯೀರ್ಕರ್. ‘ಮೀರಾಬಾಯಿ’ಯ ರೇಖೆ ಯೂಸುಫ್ ಲೀನ್ ಅವರದು. 42 ಸಂಚಿಕೆಗಳ ‘ಮಹಾಭಾರತ’ದ ಹೆಚ್ಚಿನ ಭಾಗ ದಿಲೀಪ್ ಕದಂ ಅವರ ಕೈಯಿಂದ ಮೂಡಿದ್ದು. ಪ್ರತಾಪ್ ಮುಳಿಕ್ ಅವರ ಹೆಸರನ್ನೂ ಬಿಡಲಾಗದು. ಕಥಾಭಾಗ ಬರೆದವರ ಪೈಕಿ ಕಮಲಾ ಚಂದ್ರಕಾಂತ್ ಪ್ರಮುಖರು. ಎರಡು ಮೂರು ತಲೆಮಾರಿನ ಭಾರತೀಯರು ಕೃಷ್ಣನ ಮುಖವನ್ನು ಕಣ್ಣಮುಂದೆ ತಂದುಕೊಳ್ಳುವಾಗ ಹಲವರಿಗೆ ಕಾಣುವುದು ವಾಯೀರ್ಕರರ ಗೆರೆಯೇ. ಆದರೂ ಆ ಪುಸ್ತಕಗಳನ್ನು ಓದಿ ಬೆಳೆದ ಹತ್ತು ಜನರನ್ನು ಕೇಳಿದರೆ ಸಂಪಾದಕರ ಹೆಸರು ಹತ್ತೂ ಜನರ ನಾಲಗೆಯ ಮೇಲಿರುತ್ತದೆ. ಚಿತ್ರಕಾರನ ಹೆಸರು ಒಬ್ಬರಿಗೆ ನೆನಪಿದ್ದರೆ ಹೆಚ್ಚು. ಕನ್ನಡ ಆವೃತ್ತಿಗಳಲ್ಲಿ ಇನ್ನೂ ಒಂದು ಕೆಲಸ ಸೇರುತ್ತದೆ. ಇಂಗ್ಲಿಷ್ ಮಾತಿಗೆಂದು ಅಳೆದಿಟ್ಟ ಬಿಳಿಯ ಗುಳ್ಳೆಯೊಳಗೆ ಒತ್ತಕ್ಷರಗಳುಳ್ಳ ಕನ್ನಡವನ್ನು ಅರ್ಥ ಕೆಡದಂತೆ, ಸಾಲು ಮುರಿಯದಂತೆ ಕೂರಿಸಬೇಕು. ಅಕ್ಷರಗಳನ್ನು ಕೈಯಿಂದಲೇ ಬರೆಯುತ್ತಿದ್ದ ಕಾಲದಲ್ಲಿ ಇದು ಅನುವಾದಕನೂ ಅಕ್ಷರಕಾರನೂ ಕೂಡಿ ಮಾಡುವ ಸೂಕ್ಷ್ಮ ಕೌಶಲವಾಗಿತ್ತು. ಈ ಇಬ್ಬರನ್ನು ನೆನೆಯುವವರಂತೂ ಇನ್ನೂ ವಿರಳ.

ಇದಕ್ಕೆ ಹೋಲಿಸಿದರೆ, 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಚಿತ್ರಕಾರರು ಒಂದು ವಿಧದಲ್ಲಿ ಭಾಗ್ಯವಂತರು. ವಿಕ್ರಮ ಬೇತಾಳರ ಚಿತ್ರದಿಂದ ಪ್ರಸಿದ್ಧರಾದ ಶಂಕರ್ (ಕೆ. ಸಿ. ಶಿವಶಂಕರನ್, 1924–2020) ಅವರ ರುಜು ಚಿತ್ರದ ಮೂಲೆಯಲ್ಲಿಯೇ ಇರುತ್ತಿತ್ತು. ಚಿತ್ರ ಹೋದಲ್ಲಿಗೆ ಹೆಸರೂ ಹೋಗುತ್ತದೆ. ಹೊಸ ಪುಟದ ಅಳತೆಗೆ ಚಿತ್ರದ ಅಂಚನ್ನು ಕತ್ತರಿಸುವವರು ಆ ಮೂಲೆಯಲ್ಲಿರುವುದು ಬರಿಯ ಗೀಚಲ್ಲವೆಂಬುದನ್ನು ನೆನಪಿಡಬೇಕು.

3

ಈ ವಾದಕ್ಕೆ ಸಾಮಾನ್ಯವಾಗಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಸಂಪ್ರದಾಯದ ಹೆಸರಿನಲ್ಲಿ ಬರುವುದು: ಭಾರತೀಯ ಕಲಾವಿದ ಎಂದೂ ಹೆಸರಿಗೆ ಆಶೆಪಟ್ಟವನಲ್ಲ, ಕೃತಿ ಉಳಿದರೆ ಸಾಕು ಎಂಬುದು ಅವನ ಧರ್ಮ, ಹೆಸರಿನ ಹಂಬಲ ಪಶ್ಚಿಮದಿಂದ ಬಂದದ್ದು. ಈ ಮಾತನ್ನು ಬೇರೆ ಎಲ್ಲಿಯಾದರೂ ಆಡಬಹುದು. ಕಲಾದಗಿಯ ಸೀಮೆಯಲ್ಲಿ ನಿಂತು ಆಡುವುದು ಕಷ್ಟ.

ಈ ಪ್ರದೇಶವೆಲ್ಲ ಕಲಾದಗಿ ಜಿಲ್ಲೆಯೆನಿಸಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ಲೀಟ್ ಮೊದಲಾದ ವಿದ್ವಾಂಸರು ಇಲ್ಲಿಯ ಚಾಲುಕ್ಯ ಶಾಸನಗಳನ್ನು ಓದಿ ಪ್ರಕಟಿಸಿದರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಅರಸನು ಮೂರು ಸಲ ಕಂಚಿಯನ್ನು ಗೆದ್ದುದರ ನೆನಪಿಗೆ ಅದು ನಿಂತಿತು. ಅಂಥ ರಾಜಕೀರ್ತಿಯ ಕಟ್ಟಡದಲ್ಲಿಯೇ ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ, ಅವನಿಗೆ ದೊರೆತ ತ್ರಿಭುವನಾಚಾರಿ ಎಂಬ ಬಿರುದೂ, ಸಂದ ಗೌರವವೂ ಕಲ್ಲಿನಲ್ಲಿವೆ. ಸರ್ವಸಿದ್ಧಿ ಆಚಾರಿಯ ಪ್ರಶಂಸೆಯೂ ಅಲ್ಲಿದೆ. ಪಾಪನಾಥ ದೇವಾಲಯದ ಶಾಸನ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ದಕ್ಷಿಣದ ಪಾರ್ಶ್ವವನ್ನು ಮಾಡಿದವನು ರೇವಡಿ ಓವಜ್ಜ ಎಂದು ತಿಳಿಸುತ್ತದೆ. ಐಹೊಳೆಯ ಶಾಸನವೊಂದು ನರಸೊಬ್ಬನನ್ನು ಹೊಗಳುತ್ತ, ಮನೆ ಮತ್ತು ದೇಗುಲಗಳನ್ನು ಕಟ್ಟುವುದರಲ್ಲಿ ಅವನಂಥ ನಿಪುಣನು ಜಂಬೂದ್ವೀಪದಲ್ಲಿ ಹಿಂದೆ ಆಗಲಿಲ್ಲ, ಮುಂದೆ ಆಗುವುದಿಲ್ಲ ಎನ್ನುತ್ತದೆ. ಬಾದಾಮಿಯ ಬಂಡೆಗಳಲ್ಲಿಯೂ ಶಿಲ್ಪಿಗಳ ಹೆಸರುಗಳು ಕಾಣುತ್ತವೆ.

ಇದನ್ನು ಅತಿಶಯಗೊಳಿಸಬಾರದು. ಹೆಸರು ಉಳಿದವರು ಕೆಲವರು. ಕಲ್ಲು ಕಡಿದವರು, ಹೊತ್ತವರು, ನಯಗೊಳಿಸಿದವರು ಅಸಂಖ್ಯರು, ಅವರು ಮರೆಯಾಗಿದ್ದಾರೆ. ಆದರೆ ಮೂರು ಸಂಗತಿಗಳು ಖಚಿತ. ಹೆಸರು ಹೇಳುವುದು ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. ಅದರಿಂದ ಕಟ್ಟಿಸಿದ ದೊರೆಯ ಕೀರ್ತಿಗೆ ಕುಂದು ಬರಲಿಲ್ಲ. ಯಾವ ಭಾಗ ಯಾರದೆಂದು ಬೇರ್ಪಡಿಸಿ ಹೇಳುವುದೂ ಸಾಧ್ಯವಿತ್ತು. ಉಳಿಯಿಂದ ಅಕ್ಷರ ಕೆತ್ತಬೇಕಾಗಿದ್ದ ಕಾಲದಲ್ಲಿ ಸಾಧ್ಯವಾದುದು ಮುದ್ರಣಯಂತ್ರದ ಕಾಲದಲ್ಲಿ ಅಸಾಧ್ಯವೆಂದರೆ ನಂಬುವವರಾರು?

4

ಎರಡನೆಯ ಆಕ್ಷೇಪ ವ್ಯವಹಾರದ್ದು. ಕಲಾವಿದ ಪುಟಕ್ಕಿಷ್ಟು ಎಂದು ಸಂಭಾವನೆ ಪಡೆದ, ಕೃತಿ ಪ್ರಕಾಶಕನ ಸ್ವತ್ತಾಯಿತು, ಇನ್ನೇನು ಬಾಕಿ? ಇಲ್ಲಿ ಒಡೆತನವನ್ನೂ ಕರ್ತೃತ್ವವನ್ನೂ ಒಂದೇ ಎಂದು ಭಾವಿಸಲಾಗಿದೆ. ಮನೆಯನ್ನು ಮಾರಬಹುದು, ಅದನ್ನು ಕಟ್ಟಿದವನು ಯಾರೆಂಬ ಸತ್ಯವನ್ನು ಮಾರಲು ಬಾರದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ಈ ಭೇದವನ್ನು ಬಲ್ಲುದು. ನೌಕರಿಯಲ್ಲಿದ್ದು ಮಾಡಿದ ಕೃತಿಯ ಒಡೆತನ ಸಾಮಾನ್ಯವಾಗಿ ಮಾಲೀಕನದೆಂದು 17ನೆಯ ಕಲಮು ಹೇಳಿದರೆ, ಹಕ್ಕನ್ನೆಲ್ಲ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆಂದು 57ನೆಯ ಕಲಮು ಹೇಳುತ್ತದೆ. ದಿಲ್ಲಿಯ ವಿಜ್ಞಾನ ಭವನದ ಗೋಡೆಯಿಂದ ತೆಗೆದುಹಾಕಿದ ತಮ್ಮ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ ಸೆಹಗಲ್ ಹೂಡಿದ ದಾವೆಯಲ್ಲಿ, ಈ 57ನೆಯ ಕಲಮಿನ ಆಧಾರದ ಮೇಲೆಯೇ ದಿಲ್ಲಿ ಉಚ್ಚ ನ್ಯಾಯಾಲಯ 2005ರಲ್ಲಿ ಅವರ ಪರ ತೀರ್ಪಿತ್ತು, 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೃತಿ ಸರಕಾರದ ಸ್ವತ್ತಾಗಿದ್ದರೂ ಶಿಲ್ಪಿಯ ಸಂಬಂಧ ಕಡಿದುಹೋಗಿರಲಿಲ್ಲ.

ಚಿತ್ರಕಥೆಗಳ ದೊಡ್ಡ ಮಾರುಕಟ್ಟೆಯಾದ ಅಮೆರಿಕೆಯಲ್ಲಿಯೂ ಈ ನ್ಯಾಯ ಸುಲಭವಾಗಿ ದೊರೆಯಲಿಲ್ಲ. ‘ಸೂಪರ್‌ಮ್ಯಾನ್’ನನ್ನು ಸೃಷ್ಟಿಸಿದ ಸೀಗೆಲ್ ಮತ್ತು ಶುಸ್ಟರ್ ಎಂಬ ತರುಣರು 1938ರಲ್ಲಿ 130 ಡಾಲರಿಗೆ ಹಕ್ಕನ್ನು ಕೊಟ್ಟುಬಿಟ್ಟರು. ವೃದ್ಧಾಪ್ಯದಲ್ಲಿ ಅವರ ಬಡತನ ಸುದ್ದಿಯಾದ ಮೇಲೆ, 1975ರಲ್ಲಿ ಅವರಿಗೆ ವಾರ್ಷಿಕ ವೇತನವೂ ಹೆಸರಿನ ಮನ್ನಣೆಯೂ ದೊರೆತವು. ಡಿಸ್ನಿಯ ಬಾತುಕೋಳಿ ಕಥೆಗಳನ್ನು ಎರಡು ದಶಕಗಳಿಗೂ ಮಿಕ್ಕಿ ಬರೆದ ಕಾರ್ಲ್ ಬಾರ್ಕ್ಸ್ ಅವರ ಹೆಸರು ಪುಸ್ತಕಗಳಲ್ಲಿ ಇರಲಿಲ್ಲ. ಓದುಗರು ಗೆರೆಯ ಗುಣದಿಂದಲೇ ಅವರನ್ನು ಗುರುತಿಸಿ ‘ಒಳ್ಳೆಯ ಚಿತ್ರಕಾರ’ನೆಂದು ಕರೆಯುತ್ತಿದ್ದರು. ಮುಂದೆ, 1980ರ ದಶಕದಲ್ಲಿ, ಅವರ ಕೃತಿಗಳ ಸಂಗ್ರಹ ಸಂಪುಟಗಳು ಅವರ ಹೆಸರಿನಿಂದಲೇ ಹೊರಬಂದವು. ಮರುಮುದ್ರಣ ಅನ್ಯಾಯವನ್ನು ಗಟ್ಟಿಗೊಳಿಸಲೇಬೇಕೆಂದೇನೂ ಇಲ್ಲ. ಮೊದಲ ಮುದ್ರಣದಲ್ಲಿ ಆದ ಲೋಪವನ್ನು ತಿದ್ದಲು ದೊರೆಯುವ ಎರಡನೆಯ ಅವಕಾಶವೂ ಅದೇ.

5

ಪ್ರಕಾಶಕರಿಂದ ನಾವು ಅಪೇಕ್ಷಿಸುವುದು ಹೆಚ್ಚಿನದೇನಲ್ಲ. ಸಂಪುಟದ ಪ್ರತಿ ಕಥೆಯ ಮೊದಲಲ್ಲಿ ಕಥೆ ಬರೆದವರು, ಚಿತ್ರಿಸಿದವರು, ಬಣ್ಣ ತುಂಬಿದವರು, ಅಕ್ಷರ ಬರೆದವರು, ಅನುವಾದಿಸಿದವರು ಯಾರೆಂಬುದನ್ನು ಹೇಳಬೇಕು. ಮೊದಲ ಮುದ್ರಣದ ವರ್ಷ, ಭಾಷೆ ಮತ್ತು ಮೂಲ ಕ್ರಮಸಂಖ್ಯೆಯನ್ನು ಉಳಿಸಬೇಕು. ಚೌಕಗಳನ್ನು ತಿದ್ದಿದ್ದರೆ, ಬಣ್ಣ ಬದಲಿಸಿದ್ದರೆ, ಹೊಸ ಮುಖಪುಟ ಹೊದಿಸಿದ್ದರೆ ಅದನ್ನು ಒಪ್ಪಿಕೊಳ್ಳಬೇಕು. ಹೆಸರು ತಿಳಿಯದಿದ್ದಲ್ಲಿ ‘ಚಿತ್ರಕಾರರು ತಿಳಿದಿಲ್ಲ’ ಎಂದೇ ಅಚ್ಚು ಮಾಡಬೇಕು. ಖಾಲಿ ಬಿಟ್ಟ ಜಾಗ ಓದುಗನ ದಾರಿ ತಪ್ಪಿಸುತ್ತದೆ. ತಿಳಿದಿಲ್ಲವೆಂಬ ಮಾತು ಹುಡುಕಲು ಹಚ್ಚುತ್ತದೆ. ಶಾಸನ ಸಂಪಾದಕರು ಸವೆದ ಅಕ್ಷರದ ಸ್ಥಳವನ್ನು ಚುಕ್ಕಿಗಳಿಂದ ಗುರುತಿಸುವುದು ಇದೇ ಕಾರಣಕ್ಕೆ.

ನಮಗೂ ಕರ್ತವ್ಯವುಂಟು. ಕಾಲೇಜಿನ ಗ್ರಂಥಾಲಯಗಳು ಬಿಡಿಪ್ರತಿಗಳನ್ನು ಕಸವೆಂದು ತಳ್ಳದೆ ಕೂಡಿಡಬೇಕು; ಪಟ್ಟಿ ಮಾಡುವಾಗ ಸಂಪಾದಕರ ಹೆಸರಿನೊಂದಿಗೆ ಚಿತ್ರಕಾರರ ಹೆಸರನ್ನೂ ಬರೆಯಬೇಕು. 1965ರ ಆ ಹತ್ತು ಕನ್ನಡ ಪುಸ್ತಕಗಳ ಪ್ರತಿ ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ ಅದು ಅಮೂಲ್ಯವೆಂದು ತಿಳಿಯಬೇಕು. ನಮ್ಮ ವಿದ್ಯಾರ್ಥಿನಿ ತನ್ನ ಪ್ರಬಂಧವನ್ನು ತಿದ್ದಿ ಬರೆದಳು. ಹಳೆಯ ಬಾಗಲಕೋಟೆಯ ಆ ಗಂಟಿನಿಂದ ದೊರೆತ ಇಬ್ಬರು ಚಿತ್ರಕಾರರ ಹೆಸರುಗಳು ಈಗ ಅದರ ಮೊದಲ ಪುಟದಲ್ಲಿವೆ. ಸಂಪುಟದ ಉಳಿದ ಕಥೆಗಳ ಎದುರಿಗೆ ಅವಳು ‘ತಿಳಿದಿಲ್ಲ’ ಎಂದು ಬರೆದಿದ್ದಾಳೆ. ಆ ಹೆಸರುಗಳನ್ನು ಹುಡುಕುವ ಕೆಲಸ ಇನ್ನೂ ನಡೆದಿದೆ.