ಕೌದಿ ಮತ್ತು ಕಿಲೋಹರ್ಟ್ಸ್

ಮನೆಗೆ ಸ್ಟೀರಿಯೋ ತರೋಕೆ ನಾನು ಎಂಜಿನಿಯರ್ ಥರಾನೇ ಹೊರಟೆ, ಎಕ್ಸೆಲ್ ಶೀಟ್ ಹಿಡಕೊಂಡು. ಅಂಗಡಿಯವ 24 ಬಿಟ್, 192 ಕಿಲೋಹರ್ಟ್ಸ್ ಅಂತ ಶುರು ಹಚ್ಚಿದ. ಕಿವಿಗೆ ಕೇಳೋದೇ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ತನಕ, ಅದಕ್ಕೆ ಸಿಡಿಯ 44.1 ಸಾಕು ಅನ್ನೋದು ಬಿಇಯಲ್ಲಿ ಪಾಸಾದ ಪಾಠ. ಆದರೂ ತಲೆಯಾಡಿಸಿ, ಫೈಲನ್ನು ದನಿ ಮಾಡುವ ಡ್ಯಾಕ್ ಎಂಬ ಡಬ್ಬಿಗೆ ದುಡ್ಡು ಸುರಿದೆ. ಸ್ಪೀಕರಿಗೆ ಉಳಿದದ್ದು ಚಿಲ್ಲರೆ.

ಊರಿಂದ ಅಪ್ಪ ಬಂದಾಗ ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದೆ. ಎರಡು ನಿಮಿಷ ಕೇಳಿ, ‘ತಮ್ಮಾ, ಬರೇ ಗುಂಯ್ ಅನ್ನಾಕತ್ತೈತಿ, ಮಾತ ತಿಳಿವಲ್ದು’ ಅಂದರು. ಒಂದೇ ಸ್ಪೀಕರಿನ ರೇಡಿಯೋದಲ್ಲಿ ಅದೇ ಹಾಡನ್ನ ಅಕ್ಷರ ಬಿಡದೆ ಕೇಳಿದವರು. ನನಗೆ ಮುಖ ಸಣ್ಣದಾಯ್ತು.

ನೋಡಿದರೆ ಕೋಣೆಯೇ ಹಾಡನ್ನ ಕೆಡಿಸ್ತಿತ್ತು. ಟೈಲ್ಸ್ ನೆಲ, ಬೋಳು ಗೋಡೆ, ಮೂಲೆಗೆ ಒತ್ತಿಟ್ಟ ಸ್ಪೀಕರು. ಮೂಲೆಯಲ್ಲಿ ಬಾಸ್ ಉಬ್ಬಿ ಹಾಡುವವರ ದನಿ ಮುಚ್ಚಿಹೋಗುತ್ತೆ. ಸ್ಪೀಕರುಗಳನ್ನ ಎರಡಡಿ ಮುಂದಕ್ಕೆಳೆದು, ಕೂತಾಗಿನ ಕಿವಿಯ ಎತ್ತರಕ್ಕೇರಿಸಿ, ನೆಲಕ್ಕೆ ಜಮಖಾನ ಹಾಸಿದೆ. ಎದುರು ಗೋಡೆಗೆ ಅವ್ವ ಹೊಲಿದ ದಪ್ಪ ಕೌದಿ ತೂಗುಹಾಕಿದೆ. ಹೆಂಡತಿ ನಕ್ಕಳು, ನಗಲಿ. ಹಾಡಿನ ಮಾತು ತಿಳೀತು.

ನೀವು ಕೊಳ್ಳೋಕೆ ಹೋದರೆ ಮೊದಲು ಸ್ಪೀಕರಿಗೆ ದುಡ್ಡಿಡಿ. ಬಾಕ್ಸಿನ ಮೇಲಿನ ಸಾವಿರಾರು ಪಿಎಂಪಿಒ ವ್ಯಾಟ್ ನಂಬಬೇಡಿ, ಆರ್‌ಎಂಎಸ್ ಎಷ್ಟು ಅಂತ ಕೇಳಿ. ಬಾಯಿಪಾಠ ಇರುವ ಹಾಡೊಂದನ್ನ ಫೋನಲ್ಲಿ ಒಯ್ದು ಅಲ್ಲೇ ಹಾಕಿಸಿ. ಅಂಗಡಿಯವರ ಡೆಮೋ ಹಾಡು ಮಾತ್ರ ಬೇಡ. ಅದು ಎಂಥ ಡಬ್ಬದಲ್ಲೂ ಚೆನ್ನಾಗೇ ಕೇಳುತ್ತೆ.