ಕೇರಿಯ ಪದ, ಪುಸ್ತಕದ ಪದ

ರಾಯಚೂರಿನಿಂದ ಹೊರಟರೆ ಕಲ್ಮಲದ ಕ್ರಾಸಿನಲ್ಲಿ ದಾರಿ ಒಡೆಯುತ್ತದೆ. ಒಂದು ಗಬ್ಬೂರಿನ ಮೇಲೆ ದೇವದುರ್ಗಕ್ಕೆ, ಇನ್ನೊಂದು ಮಾನ್ವಿಗೆ. ಈ ಸೀಮೆಯನ್ನು ನಮ್ಮ ಸಾಹಿತ್ಯ ಚರಿತ್ರೆ ದಾಸ ಸಾಹಿತ್ಯದ ತವರು ಎಂದು ಕರೆದಿದೆ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆನಿಂತ ಜಗನ್ನಾಥದಾಸರು, ಇವರನ್ನೆಲ್ಲ ಎಂ.ಎ. ತರಗತಿಯಲ್ಲಿ ಓದಿದೆ, ಈಗ ಪಾಠವನ್ನೂ ಮಾಡುತ್ತೇನೆ. ಇದೇ ಸೀಮೆಯ ಕೇರಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ, ತಾಳ ಹಿಡಿದು ಬೆಳಗಾಗುವತನಕ ತತ್ವಪದ ಹಾಡುತ್ತಿದ್ದವರು ನನ್ನ ತಾತ ಮತ್ತು ಅವನ ಓರಗೆಯವರು. ಅವರು ನಾನು ಓದಿದ ಯಾವ ಪಠ್ಯದಲ್ಲೂ ಇರಲಿಲ್ಲ. ಇದ್ದಿದ್ದರೆ ಸಾಕಾಗುತ್ತಿತ್ತೆ ಎಂಬುದು ಈ ಲೇಖನದ ಪ್ರಶ್ನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಎಂ.ಎ. ಮುಗಿಸುವ ಹೊತ್ತಿಗೆ ಕಿರುಪ್ರಬಂಧಕ್ಕೆಂದು ತಾತನ ಮೇಳದ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಅದಕ್ಕೂ ಮೊದಲು ಅಪ್ಪ ಟೇಪ್‌ರೆಕಾರ್ಡರಿನಲ್ಲಿ ತುಂಬಿಸಿಟ್ಟಿದ್ದ ಎರಡು ಕ್ಯಾಸೆಟ್ಟುಗಳು ರೀಲು ಸಿಕ್ಕಾಗಿ ಹಾಳಾಗಿದ್ದವು. ಇನ್ನಾದರೂ ಉಳಿಸಬೇಕೆಂಬ ಅವಸರ ನನ್ನದು. ಹಾಡುವಾಗ ಎರಡು ನುಡಿಗಳ ನಡುವೆ ತಾತ ತಾಳ ನಿಲ್ಲಿಸಿ ಮಾತಿಗೆ ಬೀಳುತ್ತಿದ್ದ. ಯಾರೋ ಏನೋ ಕೇಳುವರು, ಇವನು ಹೇಳುವನು, ನಗು, ಒಂದಿಷ್ಟು ಜಗಳ, ನಡುವೆ ಚಹಾ, ಮತ್ತೆ ಪದ. ಮಾತು ಶುರುವಾದ ಕೂಡಲೇ ನಾನು ರೆಕಾರ್ಡಿಂಗ್ ನಿಲ್ಲಿಸುತ್ತಿದ್ದೆ. ಮೆಮೊರಿ ಉಳಿಸಬೇಕು ಎನ್ನುವುದು ನೆಪ. ಪದ ಅಂದರೆ ಹಾಡಿದ್ದಷ್ಟೇ ಎಂಬ ತಿಳಿವಳಿಕೆ ನನ್ನ ಓದಿನಿಂದ ಬಂದಿತ್ತು. ಬರೆದಿಳಿಸುವಾಗ ‘ಐತಿ’ ಎಂದಲ್ಲಿ ‘ಇದೆ’ ಮಾಡಿದೆ. ಎರಡೆರಡು ಸಲ ಬಂದ ಸಾಲುಗಳನ್ನು ಕತ್ತರಿಸಿದೆ. ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು.

ಅದನ್ನು ತಾತನ ಮುಂದೆ ಓದಿದೆ. ಕೊನೆತನಕ ಕೇಳಿ, ‘ಬರೋಬರಿ ಐತಿ ತಮ್ಮಾ. ಬಿಡಿಸಿದ್ದು ಎಲ್ಲಿ ಹೋತು?’ ಅಂದ.

‘ಅದು ಪದ ಅಲ್ಲಲ್ಲ ತಾತಾ, ಬರೇ ಮಾತು’ ಅಂದೆ.

‘ಮಾತಾಡಾಕ ಅಲ್ಲೇನು ಮತ್ತ ಪದ ಹಾಡೋದು?’

ಆಗ ಇದು ನನಗೆ ತಟ್ಟಲಿಲ್ಲ. ಈಗ ಒಂದು ಉದಾಹರಣೆ ಕೊಡಬಲ್ಲೆ. ದೇಹವನ್ನು ಮಣ್ಣಿನ ಗಡಿಗೆ ಎಂದು ಹಾಡುವ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಚ್ಚಾದ ಸಂಗ್ರಹಗಳಲ್ಲಿ ಇಂಥ ಪದಕ್ಕೆ ಟಿಪ್ಪಣಿ ಬರೆಯುವವರು ‘ದೇಹದ ನಶ್ವರತೆ’, ‘ಜೀವ-ಶಿವರ ಐಕ್ಯ’ ಎಂದು ಮುಗಿಸುವುದು ರೂಢಿ. ನಾನೂ ಹಾಗೇ ಮುಗಿಸಿದ್ದೆ. ತಾತ ಅದನ್ನು ಬಿಡಿಸುತ್ತಿದ್ದದ್ದು ಬೇರೆ ತರಹ. ಅವನ ಹರೆಯದಲ್ಲಿ ಕೇರಿಯ ಹೆಂಗಸರು ಬಾವಿಯ ಹತ್ತಿರ ಗಡಿಗೆ ಇಟ್ಟು, ಮ್ಯಾಲಿನವರು ಯಾರಾದರೂ ಬಂದು ನೀರು ಹೊಯ್ಯಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದರು. ಆ ಕತೆ ಹೇಳಿ, ‘ಮಣ್ಣು ಒಂದ, ಕುಂಬಾರ ಒಬ್ಬನ. ನಮ್ಮ ಗಡಿಗಿ ಅಷ್ಟ ಹ್ಯಾಂಗ ಮೈಲಿಗಿ ಆತು, ಹೇಳ್ರಿ’ ಎಂದು ಕುಂತವರನ್ನು ಕೇಳುತ್ತಿದ್ದ. ಉತ್ತರ ಬರುವತನಕ ಮುಂದಿನ ನುಡಿ ಎತ್ತುತ್ತಿರಲಿಲ್ಲ. ಜಾತಿಯನ್ನು ಕುರಿತ ಮಾತು ಪದದ ಸಾಲಿನಲ್ಲಿ ಇರಲಿಲ್ಲ. ಅದು ಬಿಡಿಸುವ ಮಾತಿನಲ್ಲಿತ್ತು. ನಾನು ನಿಲ್ಲಿಸಿದ್ದು ಅದನ್ನೇ.

ಚಳವಳಿಯ ಗೆಳೆಯರು ಕೆಲವರು ತತ್ವಪದವನ್ನು ವೈರಾಗ್ಯದ ಹಾಡು, ಹಸಿದವನಿಗೆ ಜೋಗುಳ ಎನ್ನುತ್ತಾರೆ. ಪುಸ್ತಕದಲ್ಲಿರುವ ಪದವನ್ನು ಮಾತ್ರ ನೋಡಿದರೆ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. ಬಿಡಿಸುವ ಮಾತನ್ನು ಸೇರಿಸಿ ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ. ಹೀಗಾಗಿ ಸಂಗ್ರಹ, ಪ್ರಕಟಣೆ ಎಂಬುದು ಬರೀ ಸಂಪಾದಕರ ತಾಂತ್ರಿಕ ಕೆಲಸವಲ್ಲ, ದಲಿತ ವಿಮರ್ಶೆಯ ಮುಖ್ಯ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ.

ಅಚ್ಚು ಎಲ್ಲರಿಗೂ ಹೀಗೇ ಮಾಡಿತೆ? ಇಲ್ಲ. ದಾಸರ ಪದಗಳನ್ನು 1850ರಲ್ಲೇ ಮಂಗಳೂರಿನಲ್ಲಿ ಮೋಗ್ಲಿಂಗ್ ಅಚ್ಚು ಹಾಕಿಸಿದ. ನಮ್ಮ ಜಿಲ್ಲೆಯಲ್ಲೇ ಗೊರೆಬಾಳ ಹನುಮಂತರಾಯರು ಲಿಂಗಸುಗೂರಿನ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಎಷ್ಟೋ ಸಂಪುಟಗಳನ್ನು ಹೊರತಂದರು. ಆ ಪುಸ್ತಕಗಳು ಹೋಗಿ ಸೇರಿದ್ದು ದೇವರ ಜಗಲಿಗೆ, ಪಾರಾಯಣಕ್ಕೆ, ಆರಾಧನೆಗೆ. ‘ಹರಿಕಥಾಮೃತಸಾರ’ ಓದುವವನಿಗೆ ಅರ್ಥ ಹೇಳಲು ಮನೆಯಲ್ಲೋ ಮಠದಲ್ಲೋ ಒಬ್ಬರು ಇದ್ದೇ ಇರುತ್ತಿದ್ದರು. ವಚನಗಳದ್ದೂ ಹಾಗೇ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅವರು ಪಟ್ಟ ಕಷ್ಟ ದೊಡ್ಡದು. ಆದರೆ ಅಚ್ಚಾದದ್ದನ್ನು ಕೈಚಾಚಿ ತೆಗೆದುಕೊಳ್ಳಲು ಅಕ್ಷರ ಬಲ್ಲ ಸಮುದಾಯವಿತ್ತು, ಮಠಗಳಿದ್ದವು, ವಿದ್ಯಾರ್ಥಿನಿಲಯಗಳಿದ್ದವು. ಅಲ್ಲಿ ಪುಸ್ತಕ ಪರಂಪರೆಯನ್ನು ಕಡಿಯಲಿಲ್ಲ, ಬಿಗಿ ಮಾಡಿತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ವಚನಗಳೂ ಸಂಪುಟಗಳಿಗೆ ಬಂದವು. ಅವು ಅವರ ಕೇರಿಗೆ ಎಷ್ಟು ಮರಳಿದವು ಎಂಬ ಲೆಕ್ಕವನ್ನು ನಾವು ಕೇಳಿಲ್ಲ.

ತತ್ವಪದದ ಕತೆ ಬೇರೆ. ಕಡಕೋಳ ಮಡಿವಾಳಪ್ಪನ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬನೂ ಇದ್ದಾನೆ, ಖೈನೂರ ಕೃಷ್ಣಪ್ಪನೂ ಇದ್ದಾನೆ. ಜಾತಿ, ಧರ್ಮ ದಾಟಿದ ಇಂಥ ಗುರುಬಳಗಕ್ಕೆ ಬೆನ್ನಿಗೆ ನಿಲ್ಲುವ ಒಂದು ಜಾತಿ ಇಲ್ಲ, ಜಾತಿಯ ದುಡ್ಡೂ ಇಲ್ಲ. ಶಿಶುನಾಳ ಷರೀಫರಿಗೆ (1819-1889) ಕ್ಯಾಸೆಟ್ಟಿನ ಕಾಲ ಒಲಿಯಿತು. ಸಿ. ಅಶ್ವತ್ಥರ ಕಂಠದಲ್ಲಿ, 1990ರ ನಾಗಾಭರಣರ ಸಿನಿಮಾದಲ್ಲಿ ಷರೀಫರು ಮನೆಮನೆಗೆ ಬಂದರು. ಸಂತೋಷದ ಸಂಗತಿಯೇ. ಆದರೆ ಅದರ ಜೊತೆಗೆ ಕ್ಯಾಸೆಟ್ಟಿನ ಧಾಟಿಯೇ ಷರೀಫರ ಧಾಟಿಯಾಯಿತು. ಬೇರೆ ಧಾಟಿಯಲ್ಲಿ ಹಾಡಿದ ಹಳ್ಳಿಯವನಿಗೆ ‘ತಪ್ಪು ಹಾಡ್ತೀಯ’ ಎನ್ನುವವರು ಹುಟ್ಟಿಕೊಂಡರು. ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಕರ್ನಾಟಕದ ತತ್ವಪದಗಳನ್ನು ಸಂಪುಟಗಳಾಗಿ ತಂದದ್ದು ಬಹಳ ದೊಡ್ಡ ಕೆಲಸ. ಅದಿಲ್ಲದೆ ನನ್ನಂಥವರು ಪಾಠ ಮಾಡುವುದೂ ಕಷ್ಟ. ಆದರೂ ಪುಟದ ಮೇಲೆ ಉಳಿಯುವುದು ಪದ ಮತ್ತು ಅಂಕಿತ. ಶಿಷ್ಯ ಗುರುವಿನ ಹೆಸರನ್ನೇ ಅಂಕಿತವಾಗಿಟ್ಟು ಹಾಡುವ ಪರಂಪರೆ ಇದು. ತಾನು ಅಳಿಯುವುದು ಅಲ್ಲಿ ಸಾಧನೆ. ಅಂಕಿತ ನೋಡಿ ಪದಗಳನ್ನು ಹಂಚುವಾಗ ಕೇರಿಯ ಹಾಡುಗಾರ ಎರಡನೇ ಸಲ ಅಳಿಯುತ್ತಾನೆ. ಇದು ಅವನು ಬಯಸಿದ ಅಳಿವಲ್ಲ.

ಹಾಗಂತ ಅಚ್ಚು ಬೇಡ, ಬಾಯಿಮಾತೇ ಶುದ್ಧ ಎನ್ನುವ ವಾದಕ್ಕೂ ನಾನು ಒಪ್ಪುವವನಲ್ಲ. ಕೇರಿ ತಾನಾಗಿ ಆರಿಸಿಕೊಂಡು ಬಾಯಿಪಾಠದಲ್ಲಿ ಉಳಿಯಲಿಲ್ಲ. ಅಕ್ಷರ ಕೊಡದೆ ಉಳಿಸಲಾಯಿತು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಕಬೀರಪಂಥದವರು. ಆ ಮನೆಯಲ್ಲಿ ಮಕ್ಕಳು ಸಂತರ ಪದ ಹೇಳಿಕೊಂಡೇ ಬೆಳೆದರು. ಅದೇ ಮನೆಯ ಹುಡುಗ 1920ರಲ್ಲಿ ‘ಮೂಕನಾಯಕ’ ಪತ್ರಿಕೆ ತಂದ. ಕೊನೆಗಾಲದಲ್ಲಿ, ಕಾಯಿಲೆಯ ನಡುವೆ, ‘ಬುದ್ಧ ಮತ್ತು ಆತನ ಧಮ್ಮ’ ಬರೆದ. ಅದು ಅಚ್ಚಾಗಿ ಬಂದದ್ದು 1957ರಲ್ಲಿ, ಅವರು ತೀರಿಹೋದ ಮೇಲೆ. ಆ ಪುಸ್ತಕವನ್ನು ಜನ ವಿಹಾರಗಳಲ್ಲಿ ಕೂಡಿ ಓದಿದರು, ಒಬ್ಬ ಓದಿದರೆ ನಾಲ್ಕು ಮಂದಿ ಕೇಳಿದರು, ಪ್ರಶ್ನೆ ಎತ್ತಿದರು. ಪುಸ್ತಕವನ್ನು ಬಿಡಿಸುವ ಮಂದಿ ಅಲ್ಲಿದ್ದರು. ನಮಗೆ ಬೇಕಾದ ಮಾದರಿ ಇದು.

ಆದ್ದರಿಂದ ಸಂಗ್ರಹಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ನಾನು ಈಗ ಮೂರು ಮಾತು ಹೇಳುತ್ತೇನೆ. ಮಾತು ಶುರುವಾದಾಗ ಯಂತ್ರ ನಿಲ್ಲಿಸಬೇಡಿ. ಹಾಡಿದವರ, ಬಿಡಿಸಿದವರ ಹೆಸರನ್ನು ಅವರನ್ನು ಕೇಳಿಯೇ ಪದದ ತಲೆಯ ಮೇಲೆ ಹಾಕಿರಿ, ಪುಸ್ತಕದ ಬಾಲದಲ್ಲಲ್ಲ. ರೆಕಾರ್ಡಿಂಗಿನ ಒಂದು ಪ್ರತಿ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಕೇರಿಗೆ ಹೋಗಲಿ.

ತಾತ ಈಗಿಲ್ಲ. ಅವನು ತೀರಿದ ರಾತ್ರಿ ಹಾಡಲು ಮೇಳದಲ್ಲಿ ಉಳಿದಿದ್ದವರು ಇಬ್ಬರೇ. ಅವರ ಗಂಟಲು ಸೋತ ಮೇಲೆ ಯಾರೋ ನನ್ನ ರೆಕಾರ್ಡಿಂಗನ್ನೇ ಸ್ಪೀಕರಿಗೆ ಹಚ್ಚಿದರು. ಹೆಣದ ಮುಂದೆ ತಾತನ ದನಿ ಒಂದರ ಹಿಂದೊಂದು ಪದ ಹಾಡುತ್ತ ಹೋಯಿತು, ಎಲ್ಲೂ ನಿಲ್ಲದೆ. ಗಡಿಗೆಯ ಪದ ಬಂದಾಗ ಪಕ್ಕದ ಮನೆಯ ಹುಡುಗ, ಡಿಗ್ರಿ ಓದುವವನು, ‘ಇದರ ಅರ್ಥ ಏನ್ರಿ?’ ಎಂದು ನನ್ನನ್ನು ಕೇಳಿದ. ನಾನು ‘ದೇಹ ನಶ್ವರ’ ಎಂದು ಶುರುಮಾಡಿದೆ. ಕುಂತಿದ್ದ ಇಬ್ಬರಲ್ಲಿ ಒಬ್ಬ ಮುದುಕ ಸ್ಪೀಕರ್ ಬಂದ್ ಮಾಡಿಸಿ, ‘ತಡಿಯಪಾ, ಅದು ಬಾವಿ ಮಾತು’ ಎಂದು ತಾನೇ ಹೇಳತೊಡಗಿದ. ಅವನು ಹೇಳಿದ್ದು ತಾತ ಹೇಳಿದ ಹಾಗೆಯೇ ಇರಲಿಲ್ಲ. ಬಾವಿಯ ನಂತರ ಅದರಲ್ಲಿ ಹೋಟೆಲಿನ ಬೇರೆ ಕಪ್ಪು ಬಂತು. ನಾನು ಮೊಬೈಲ್ ತೆಗೆದು ಅವನ ಮುಂದೆ ಇಟ್ಟೆ, ಬೆಳಗಿನತನಕ ನಿಲ್ಲಿಸಲಿಲ್ಲ.